ಅರಿಶಿಣಕ್ಕೆ ಕೆಂಪಾಗದ ಸುಣ್ಣ

ಸವಣೂರಿನ ವೀಳ್ಯದೆಲೆ ಎಂದರೆ ಹುಬ್ಬಳ್ಳಿಯವರೂ ಬಾಯಿ ಚಪ್ಪರಿಸುತ್ತಾರೆ. ಎಲೆಯನ್ನು ಹೊಗಳುವ ಈ ಜನ ಅದಕ್ಕೆ ಹಚ್ಚಿದ ಸುಣ್ಣವನ್ನು ಮಾತ್ರ ಮರೆತುಬಿಡುತ್ತಾರೆ. ಈ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ. ಸುಣ್ಣ ಹೆಚ್ಚಾದರೆ ನಾಲಿಗೆ ಸುಡುತ್ತದೆ, ಕಡಿಮೆಯಾದರೆ ಬಾಯಿ ಕೆಂಪೇರುವುದಿಲ್ಲ, ಅದರಲ್ಲಿ ಮರಳು ಉಳಿದಿದ್ದರೆ ಹಲ್ಲೆಲ್ಲ ಕರಕರ. ಹದಿನೈದು ವರ್ಷ ಸವಣೂರು ಪೇಟೆಯಲ್ಲಿ ಯಾರ ಹಲ್ಲಿಗೂ ಮರಳು ಸಿಗದ ಹಾಗೆ ಸುಣ್ಣ ಮಾಡಿ ಮಾರಿದವಳು ನಮ್ಮಪ್ಪನ ಅವ್ವ, ದುರಗವ್ವ. ಅವಳ ಹೆಸರನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಯಲವಿಗಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ, ನಮ್ಮ ಸುಣ್ಣದ ಭಟ್ಟಿ ಇತ್ತು. ಅದಕ್ಕೆ ಅಂಟಿಕೊಂಡಂತೆ ಎರಡು ಅಂಕಣದ ಮನೆ. ೧೯೩೪ರಲ್ಲಿ ಅಜ್ಜ ತೀರಿಕೊಂಡಾಗ ನಮ್ಮಪ್ಪ ಗುದ್ಲೆಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಹೆಂಗಸು ಭಟ್ಟಿ ಹಚ್ಚಬಾರದು, ಕಲ್ಲು ಬೇಯುವುದಿಲ್ಲ ಎಂದು ನೆಂಟರೆಲ್ಲ ಹೇಳಿ ನೋಡಿದರು. ಅಜ್ಜಿ ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ಕಟ್ಟಿಗೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಕಟ್ಟಿಗೆ ಒಟ್ಟಿ ಬೆಂಕಿ ಕೊಟ್ಟಳು.

“ಹೊತ್ತಿಸಿದವರು ಹೆಣ್ಣೋ ಗಂಡೋ ಅಂತ ಬೆಂಕಿಗೇನ ಗೊತ್ತಾಕ್ಕೇತಿ?” ಅಂದಳಂತೆ. ಕಲ್ಲು ಬೆಂದಿತು. ನೆಂಟರು ಬೇರೆ ಊರುಗಳಲ್ಲಿ ಬುದ್ಧಿ ಹೇಳಲು ಹೋದರು.

ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಅರಿಶಿಣದ ಕೊಂಬು ಗಂಟು ಹಾಕಿರುತ್ತಿತ್ತು. ಗಿರಾಕಿ ಯಾರೇ ಬರಲಿ, ಅಂಗೈ ಮೇಲೆ ಎರಡು ಹನಿ ನೀರು ಹಾಕಿ ಆ ಕೊಂಬನ್ನು ತೇಯುವಳು, ಅದಕ್ಕೆ ಒಂದು ಬೆರಳ ಸುಣ್ಣ ಸೇರಿಸಿ ತಿಕ್ಕುವಳು. ಹಳದಿ ಹೋಗಿ ಅಂಗೈಯೆಲ್ಲ ಕುಂಕುಮದ ಬಣ್ಣ. “ಕೆಂಪಾತು ನೋಡ್ರಿ. ಇನ್ನ ಒಯ್ಯೋದು ಬಿಡೋದು ನಿಮಗ ಸೇರಿದ್ದು,” ಎನ್ನುವಳು. ಸುಣ್ಣ ನಿಜವಾದದ್ದು ಎನ್ನುವುದಕ್ಕೆ ಅವಳ ಪಾಲಿಗೆ ಈ ಲೋಕದಲ್ಲಿ ಇದೊಂದೇ ಸಾಕ್ಷಿ. ಗಂಡ ಸತ್ತ ಮೇಲೆ ಹಣೆಗೆ ಕುಂಕುಮ ಇಡುವುದನ್ನು ಬಿಟ್ಟ ನಮ್ಮಜ್ಜಿಯ ಅಂಗೈ ಮಾತ್ರ ಕಡೆಯವರೆಗೂ ಕೆಂಪಗೇ ಇತ್ತು.

ಇನ್ನೊಂದು ವಿದ್ಯೆಯೂ ಅವಳಿಗಿತ್ತು. ಸುಣ್ಣ ಸುಡುವವರ ಮನೆಯಲ್ಲಿ ಎಷ್ಟು ಗುಡಿಸಿದರೂ ನೆಲದ ಮೇಲೆ ತೆಳ್ಳಗೆ ಬಿಳಿ ಧೂಳು ಕೂರುತ್ತದೆ. ಆ ಧೂಳಿನಲ್ಲಿ ಮೂಡಿದ ಹೆಜ್ಜೆ ನೋಡಿಯೇ ಯಾರು ಬಂದಿದ್ದರು, ಯಾರು ಹೋದರು ಎಂದು ಹೇಳಿಬಿಡುತ್ತಿದ್ದಳು. ಎಲೆ ವ್ಯಾಪಾರದ ಖಾದರಸಾಬ ನಮ್ಮ ಮನೆಯಲ್ಲಿ ಯಾರೂ ಇಲ್ಲದಾಗ ಬಂದು ಹೋಗಿದ್ದರೆ, ಸಂಜೆ ಪೇಟೆಯಲ್ಲಿ ಅವನನ್ನು ಹಿಡಿದು, “ಏನ ಖಾದರಸಾಬ, ಮಧ್ಯಾಹ್ನ ಬಂದಿದ್ಯಂತ?” ಎಂದು ಕೇಳಿ ಅವನನ್ನು ಬೆಚ್ಚಿಬೀಳಿಸುವಳು. ಅವನ ಬಲಗಾಲಿನ ಹೆಬ್ಬೆರಳು ಹೊರಗೆ ಚಾಚಿಕೊಂಡಿತ್ತು, ಅಷ್ಟೆ.

ನಮ್ಮವ್ವ ಸಾವಂತ್ರವ್ವ ಹಿರೇಕೆರೂರು ಕಡೆಯವಳು. ಮಾತು ಕಡಿಮೆ, ಕೆಲಸ ಹೆಚ್ಚು. ಮದುವೆಯಾಗಿ ಬಂದು ನಾಲ್ಕು ವರ್ಷಗಳಲ್ಲಿ ಎರಡು ಮಕ್ಕಳಾದವು, ಎರಡಕ್ಕೂ ಮೊಲೆ ಕುಡಿಸಿದಳು. ಮನೆಯಲ್ಲಿ ಹಾಲೆಂಬುದು ಮಕ್ಕಳಿಗೇ ಸಾಲುತ್ತಿರಲಿಲ್ಲ. ಎಲ್ಲರೂ ಉಂಡ ಮೇಲೆ ಉಳಿದ ರೊಟ್ಟಿ, ತಳ ಹಿಡಿದ ಪಲ್ಯ ಅವಳ ಪಾಲು. ಹಾಗೆಂದು ಅಜ್ಜಿ ಕೆಟ್ಟ ಅತ್ತೆ ಎಂದು ತಿಳಿಯಬೇಡಿ. ಅವಳೂ ಸೊಸೆಯ ಪಕ್ಕದಲ್ಲೇ ಕೂತು ಅದನ್ನೇ ಉಣ್ಣುತ್ತಿದ್ದಳು. ಇಬ್ಬರಿಗೂ ಅದು ತಪ್ಪೆಂದು ಗೊತ್ತೇ ಇರಲಿಲ್ಲ.

೧೯೪೨ರಲ್ಲಿ ಅವ್ವ ಮೂರನೆಯ ಸಲ ಬಸುರಿಯಾದಳು. ಹೊಟ್ಟೆಯಲ್ಲಿದ್ದದ್ದು ನಾನು. ಹಾಗಾಗಿ ಮುಂದಿನ ಕಥೆಗೆ ನಾನು ಸಾಕ್ಷಿ ಎಂದರೂ ಸರಿ, ಅಲ್ಲ ಎಂದರೂ ಸರಿ. ಅವ್ವ ಮತ್ತು ಅಜ್ಜಿ ಇಬ್ಬರೂ ಹೇಳಿದ್ದನ್ನು ಕೂಡಿಸಿ ಹೇಳುತ್ತೇನೆ. ಇಬ್ಬರ ಮಾತೂ ತಾಳೆಯಾಗದ ಕಡೆ ಅವ್ವನನ್ನು ನಂಬಿದ್ದೇನೆ, ಏಕೆಂದರೆ ಅಜ್ಜಿ ತನ್ನ ಸೋಲನ್ನು ಸ್ವಲ್ಪ ದೊಡ್ಡದು ಮಾಡಿಯೇ ಹೇಳುತ್ತಿದ್ದಳು.

ಐದು ತಿಂಗಳು ತುಂಬುವ ಹೊತ್ತಿಗೆ ಅವ್ವನಿಗೆ ಸೊಂಟ, ತೊಡೆ, ಪಕ್ಕೆಲುಬು ಎಲ್ಲ ನೋವು. ಕೂತರೆ ಏಳಲು ಆಗದು, ಹೊಸ್ತಿಲು ದಾಟಲು ಕಾಲನ್ನು ಕೈಯಿಂದ ಎತ್ತಿ ಇಡಬೇಕು. ಯಾರಿಗೂ ಹೇಳಲಿಲ್ಲ. ಅಜ್ಜಿ ಭಟ್ಟಿಯ ಕಡೆ ಹೋದಾಗ ಗೋಡೆ ಹಿಡಿದು ಓಡಾಡಿ, ಬಂದಾಗ ಕೂತುಬಿಡುತ್ತಿದ್ದಳು. ಆದರೆ ನೆಲ ಸುಮ್ಮನಿರಲಿಲ್ಲ. ಒಂದು ದಿನ ಅಜ್ಜಿ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಒಲೆಯಿಂದ ಹಿತ್ತಲ ಬಾಗಿಲವರೆಗೆ ಧೂಳಿನಲ್ಲಿ ಉದ್ದಕ್ಕೆ ಎರಡು ಗೆರೆ.

“ಕಟ್ಟಿಗಿ ಯಾರ ಎಳಕೊಂಡ ಹೋದ್ರು ಇಲ್ಲಿ?” ಎಂದು ಕೇಳಿದಳು.

ಅಜ್ಜಿ ಗೆರೆಯನ್ನು ನೋಡಿದಳು, ಸೊಸೆಯ ಕಾಲು ನೋಡಿದಳು. ಹೆಜ್ಜೆ ಒಂದೂ ಇರಲಿಲ್ಲ, ಬರೀ ಗೆರೆ. ಅಲ್ಲೇ ಕೆಳಗೆ ಕೂತು ಅವ್ವನ ಪಾದ ಹಿಡಿದುಕೊಂಡಳು.

ಸೂಲಗಿತ್ತಿ ಯಂಕವ್ವನನ್ನು ಕರೆಸಿದರು. ಅವಳು ಅವ್ವನ ಸೊಂಟ ಒತ್ತಿ ನೋಡಿ, ಹೊರಗೆ ಬಂದು ಅಜ್ಜಿಗೆ ಮೆಲ್ಲಗೆ ಹೇಳಿದಳು: “ಇಕಿ ಎಲುಬು ಗಟ್ಟಿಲ್ಲಬೇ ದುರಗವ್ವಾ. ಸೊಂಟ ಹಿಂಗ ಕುಗ್ಗಿದ್ರ ಕೂಸು ಹೆಂಗ ಹೊರಗ ಬರಬೇಕು? ಹಾನಗಲ್ಲಾಗ ಒಬ್ಬಾಕಿದು ಹಿಂಗ ಆಗಿತ್ತು. ತಾಯಿನೂ ಉಳೀಲಿಲ್ಲ, ಕೂಸೂ ಉಳೀಲಿಲ್ಲ. ನನ್ನ ಕೈಲಿಂದ ಆಗೂದಲ್ಲಿದು. ಡಾಕ್ಟರಗ ತೋರಸು.” ಹೆರಿಗೆಗೆ ನಾಲ್ಕು ತಿಂಗಳು ಉಳಿದಿತ್ತು.

ಮರುದಿನವೇ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ಅವ್ವನನ್ನು ಮಲಗಿಸಿಕೊಂಡು ಬಂಕಾಪುರಕ್ಕೆ ಹೋದರು. ಅಲ್ಲಿ ಹಯಾತಸಾಹೇಬ ಎಂಬ ವಯಸ್ಸಾದ ಡಾಕ್ಟರು ಸಣ್ಣದೊಂದು ದವಾಖಾನೆ ಇಟ್ಟುಕೊಂಡಿದ್ದರು. ಅವರು ಅವ್ವನನ್ನು ನಡೆಸಿ ನೋಡಿದರು, ಕಾಲಿನ ಎಲುಬನ್ನು ಬೆರಳಿಂದ ಒತ್ತಿ ನೋಡಿದರು, ಏನು ಉಣ್ಣುತ್ತೀ ಎಂದು ಕೇಳಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ ಹೇಳಿದರು.

“ಎರಡ ಮಕ್ಕಳು ಇಕಿ ಎಲುಬಿನಾಗಿಂದ ಕುಡದಾವ. ಈಗ ಮೂರನೇದು ಕುಡ್ಯಾಕತ್ತೇತಿ. ಎಲುಬಿನಾಗ ಸುಣ್ಣ ಕಡಿಮಿ ಆಗೇತ್ರಿ.”

ಅಜ್ಜಿಗೆ ಮುಖಕ್ಕೆ ಹೊಡೆದ ಹಾಗಾಯಿತು. “ಏನ ಕಡಿಮಿ?”

“ಸುಣ್ಣ.”

“ಡಾಕ್ಟರ್ರ, ನಾ ಯಾರಂತ ಸವಣೂರಾಗ ಕೇಳ್ರಿ. ನಮ್ಮ ಮನಿ ನೆಲಾ ಸುಣ್ಣ, ಗ್ವಾಡಿ ಸುಣ್ಣ, ಉಸಿರಾಡೂ ಗಾಳಿ ಸುಣ್ಣ. ಇಡೀ ಪ್ಯಾಟಿಗಿ ಸುಣ್ಣಾ ತಿನ್ಸಾಕಿ ನಾನು. ನನ್ನ ಸೊಸಿಗಿ ಸುಣ್ಣ ಕಡಿಮಿ ಅಂತೀರಿ?”

ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ, ಆದರೆ ಆವತ್ತು ನಗಬಾರದಿತ್ತು. ಅವರು ಕೊಟ್ಟ ಗುಳಿಗೆಯ ಶೀಶೆಯನ್ನು ಅಜ್ಜಿ ಎರಡು ಬೆರಳಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ದಿನಕ್ಕೆ ಮೂರು ಹೊತ್ತು, ಉಂಡ ಮೇಲೆ, ಪುಡಿ ಮಾಡಿ ಹಾಲಿನಲ್ಲಿ ಕೊಡಬೇಕು, ಬೆಳಗಿನ ಬಿಸಿಲಿಗೆ ಕೂರಿಸಬೇಕು ಎಂದೆಲ್ಲ ಡಾಕ್ಟರು ಹೇಳಿದ್ದನ್ನು ಅಪ್ಪ ಕೇಳಿಸಿಕೊಂಡ. ಅಜ್ಜಿ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದವಳೇ ಸೆರಗಿನ ಗಂಟು ಬಿಚ್ಚಿದಳು. ಅಂಗೈಯಲ್ಲಿ ಅರಿಶಿಣ ತೇಯ್ದು, ಒಂದು ಗುಳಿಗೆ ಪುಡಿ ಮಾಡಿ ತಿಕ್ಕಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೊಂದು ಗುಳಿಗೆ ಹಾಕಿದಳು. ಮತ್ತೂ ಹಳದಿ.

“ಇದು ಸುಣ್ಣ ಅಲ್ಲ,” ಎಂದಳು. ಅವಳ ದನಿಯಲ್ಲಿ ಗೆಲುವಿತ್ತು. “ಜ್ವಾಳದ ಹಿಟ್ಟ ಉಂಡಿ ಕಟ್ಟಿ ಕೊಟ್ಟಾನ. ಸಾವಂತ್ರಿ, ನೀ ಅಂಜಬ್ಯಾಡ. ಸುಣ್ಣ ಬೇಕಂದ್ರ ನಾ ಕೊಡ್ತೇನಿ.” ಶೀಶೆ ಗೋಡೆಯ ಗೂಡಿನಲ್ಲಿ ಹಿಂದಕ್ಕೆ ಸರಿಯಿತು.

ಆಮೇಲಿನ ಎರಡು ವಾರ ಅಜ್ಜಿ ಮಾಡಿದ ಕೆಲಸವನ್ನು ನೆನೆದರೆ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ವರದಾ ಹೊಳೆಯ ದಂಡೆಗೆ ಹೋಗಿ ಚಿಪ್ಪು ಆರಿಸಿ ತಂದಳು. ಅವನ್ನೇ ಬೇರೆಯಾಗಿ ಸುಟ್ಟು, ನೀರು ಹಾಕಿ ಅರಳಿಸಿ, ತನ್ನ ಮೆತ್ತನೆಯ ಹಳೆ ಸೀರೆಯಲ್ಲಿ ಏಳು ಸಲ ಸೋಸಿದಳು. ಬಸುರಿಗೆ ಗೋಧಿ ಕಾಳಿನಷ್ಟು ಸುಣ್ಣವನ್ನು ಮಜ್ಜಿಗೆಯಲ್ಲಿ ಕೊಡುವುದನ್ನು ಅವಳು ಹಿರಿಯರಿಂದ ಕೇಳಿದ್ದಳು. ಹಾಗೇ ಕೊಟ್ಟಳು. ಎಂಟು ದಿನವಾದರೂ ನೆಲದ ಮೇಲೆ ಅವೇ ಎರಡು ಗೆರೆ. ಆಗ ಗೋಧಿ ಕಾಳು ಕಡಲೆ ಕಾಳಾಯಿತು. ಅದೂ ಸಾಲದೆಂದು ಮೂರು ಹೊತ್ತಾಯಿತು.

ಅವ್ವನ ಬಾಯಲ್ಲಿ ಬೊಬ್ಬೆ ಎದ್ದವು. ಹೊಟ್ಟೆ ಉರಿದು ರೊಟ್ಟಿ ಸೇರದಾಯಿತು. ಆದರೂ ಕುಡಿದಳು. ಯಾಕೆ ಹೇಳಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ನಾನು ಅವ್ವನ ಮೇಲೆ ರೇಗಿದ್ದೆ. “ಹೊಳಿಗೆ ಹೋಗಿ ಒಂದೊಂದ ಚಿಪ್ಪು ಆರಿಸಿ ತಂದಿದ್ಳವ್ವಾ. ಆ ಮಾರಿ ನೋಡಿ ಹೆಂಗ ಬ್ಯಾಡನ್ಲಿ?” ಎಂದಳು. ಈ ಇಬ್ಬರ ಪ್ರೀತಿ ಸೇರಿ ನನ್ನನ್ನು ಹುಟ್ಟುವ ಮೊದಲೇ ಮುಗಿಸುವುದರಲ್ಲಿತ್ತು.

ಒಂದು ಸಂಜೆ ಅವ್ವ ಉಗುಳಿದ್ದರಲ್ಲಿ ರಕ್ತ ಕಂಡಿತು. ಅಜ್ಜಿ ಅವಳ ಗದ್ದ ಹಿಡಿದು ಬಾಯಿ ತೆರೆಸಿದಳು. ನಾಲಿಗೆಯ ಅಂಚೆಲ್ಲ ಸುಲಿದಿತ್ತು. ಯಾರ ನಾಲಿಗೆಯೂ ಸುಡಬಾರದು ಎಂದು ಬದುಕಿದವಳು ತನ್ನ ಸೊಸೆಯ ನಾಲಿಗೆಯನ್ನೇ ಸುಟ್ಟಿದ್ದಳು. ಅಜ್ಜಿ ಗಟ್ಟಿಯಾಗಿ ಅತ್ತದ್ದನ್ನು ಅಪ್ಪ ಎರಡು ಸಲ ನೋಡಿದ್ದನಂತೆ, ಅಜ್ಜ ಸತ್ತಾಗ ಒಮ್ಮೆ, ಆ ಸಂಜೆ ಒಮ್ಮೆ.

ಬೆಳಗಾದ ಕೂಡಲೆ ಒಬ್ಬಳೇ ನಡೆದುಕೊಂಡು ಬಂಕಾಪುರಕ್ಕೆ ಹೋದಳು. ಡಾಕ್ಟರ ಮೇಜಿನ ಮೇಲೆ ಶೀಶೆ ಇಟ್ಟಳು, ಅದರ ಪಕ್ಕದಲ್ಲಿ ಅರಿಶಿಣದ ಕೊಂಬು ಇಟ್ಟಳು.

“ನಂದು ಸುಣ್ಣ ಹೌದು, ಆದ್ರ ಸುಡತೈತಿ. ನಿಮ್ಮದು ಸುಡೂದಿಲ್ಲ, ಆದ್ರ ಸುಣ್ಣ ಅಲ್ಲ. ಅರಿಶಿಣ ಕೆಂಪ ಆಗ್ಲಿಲ್ಲ. ನನಗ ಸೊಸಿ ಉಳಿಬೇಕ್ರಿ. ಯಾವುದ ಕೊಡ್ಲಿ, ನೀವ ಹೇಳ್ರಿ.”

ಈ ಸಲ ಹಯಾತಸಾಹೇಬರು ನಗಲಿಲ್ಲ. ಕುರ್ಚಿ ಎಳೆದು ಅಜ್ಜಿಯನ್ನು ಕೂರಿಸಿದರು. “ದುರಗವ್ವಾರ, ಹೊಟ್ಟಿ ತಡಕೋಬೇಕಲ್ರಿ. ಅದಕ್ಕ ಇದರಾಗಿನ ಬೆಂಕಿ ತಗದಾರ. ಬೆಂಕಿ ಇಲ್ಲ, ಅದಕ್ಕ ಕೆಂಪ ಆಗೂದಿಲ್ಲ.”

“ಬೆಂಕಿ ತಗದಮ್ಯಾಲ ಅದು ಸುಣ್ಣ ಹೆಂಗ ಆಕ್ಕೇತ್ರಿ?”

“ನೀವು ಭಟ್ಟಿಗೆ ಹಾಕೂ ಕಲ್ಲು, ಸುಡೂಕಿಂತ ಮೊದ್ಲ ಅರಿಶಿಣ ಕೆಂಪ ಮಾಡತದೇನ್ರಿ?”

ಮಾಡುವುದಿಲ್ಲ. ಹಸಿ ಕಲ್ಲು ಎಷ್ಟು ತಿಕ್ಕಿದರೂ ಅರಿಶಿಣ ಅರಿಶಿಣವೇ. ಸುಣ್ಣ ಕಲ್ಲಿನೊಳಗೇ ಇರುತ್ತದೆ, ಬೆಂಕಿಗೆ ಬಿದ್ದ ಮೇಲಷ್ಟೇ ಹೊರಗೆ ಕಾಣುತ್ತದೆ. ಇದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ. ತನ್ನ ಕಸುಬಿನ ಮೊದಲ ಪಾಠವನ್ನು ಡಾಕ್ಟರ ಬಾಯಿಂದ ಕೇಳಬೇಕಾಯಿತಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಬಂದಳಂತೆ. ಆದರೆ ಬೈದುಕೊಂಡದ್ದರಿಂದ ನಂಬಿಕೆ ಬರುವುದಿಲ್ಲ. ಎರಡನೆಯ ಸಲ ತಪ್ಪು ಮಾಡುವ ಧೈರ್ಯ ಅವಳಿಗಿರಲಿಲ್ಲ.

ಮನೆಗೆ ಬಂದು ಒಂದು ಬೋಕಿಯ ಮೇಲೆ, ಅಂದರೆ ಒಡೆದ ಗಡಿಗೆಯ ಚೂರಿನ ಮೇಲೆ, ಹತ್ತು ಗುಳಿಗೆ ಇಟ್ಟಳು. ಅದನ್ನು ಉರಿಯುವ ಭಟ್ಟಿಯ ಬಾಯಿಗೆ ತಳ್ಳಿ ಪಕ್ಕದಲ್ಲೇ ಕೂತಳು. ಗುಳಿಗೆ ಉಬ್ಬಿ ಕರ್ರಗಾದವು. ಹಿಟ್ಟೇ ಇದು, ಸೀದುಹೋಯಿತು ಎಂದುಕೊಂಡಳು. ಅಪ್ಪ ಬೋಕಿಯನ್ನು ಹೊರಗೆ ಎಳೆಯಲು ಹೋದ. “ತಡಿ. ಕಲ್ಲ ಸುಟ್ಟಷ್ಟು ಹೊತ್ತು ಇದನ್ನೂ ಸುಡಬೇಕು,” ಎಂದು ಅವನ ಕೈ ಹಿಡಿದಳು. ಕಪ್ಪು ಬೂದಿಯಾಯಿತು, ಬೂದಿ ಬೆಳ್ಳಗಾಯಿತು. ಆರಿದ ಮೇಲೆ ಅದರ ಮೇಲೆ ಒಂದು ಹನಿ ನೀರು ಬಿಟ್ಟಳು. ಚುಸ್ ಎಂದಿತು. ಆ ಸದ್ದನ್ನು ಅವಳು ಜೀವಮಾನವೆಲ್ಲ ಕೇಳಿದ್ದಳು.

ಅಂಗೈಯ ಅರಿಶಿಣಕ್ಕೆ ಆ ಬಿಳಿ ಬೂದಿ ತಿಕ್ಕಿದಳು. ಕಡಲೆ ಕಾಳಿನಷ್ಟಗಲ ಕೆಂಪಾಯಿತು.

ಆ ಕೈಯನ್ನು ಹಾಗೇ ಹಿಡಿದುಕೊಂಡು ಒಳಗೆ ಓಡಿದಳು. “ಸಾವಂತ್ರೀ, ಕೆಂಪಾತು ನೋಡ! ಸುಣ್ಣನ ಇದು. ಡಾಕ್ಟರ ಸುಳ್ಳ ಹೇಳಿಲ್ಲ.”

“ನೀವ ತಿನ್ನು ಅಂದಿದ್ರ ತಿಂತಿದ್ನಲ್ರಿ ಅತ್ತಿ. ಹತ್ತ ಗುಳಗಿ ಯಾಕ ಸುಟ್ರಿ?” ಎಂದಳು ಅವ್ವ.

“ನಾ ಹೇಳಿದ್ದ ಕೇಳೇ ನಿನ್ನ ನಾಲಿಗಿ ಹಂಗಾತು. ಇನ್ನ ಮ್ಯಾಲ ನನ್ನ ಮಾತಿಗೂ ಅರಿಶಿಣ ಹಚ್ಚಿ ನೋಡು.”

ಗುಳಿಗೆ ಶುರುವಾಯಿತು. ಉಂಡ ಮೇಲೆ ಒಂದು, ಅಜ್ಜಿಯೇ ಪುಡಿ ಮಾಡಿ ಹಾಲಿಗೆ ಹಾಕಿ ಕುಡಿಸುವಳು, ಕುಡಿದದ್ದಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದ ಬೊಟ್ಟು ಇಡುವಳು. ದಿನಕ್ಕೆ ಮೂರು ಬೊಟ್ಟು. ಒಂದು ತಪ್ಪಿದರೆ ಅಪ್ಪನಿಗೆ ಬೈಗುಳ. ಹಾಲು ಈಗ ಮೊದಲು ಅವ್ವನಿಗೆ, ಆಮೇಲೆ ಉಳಿದವರಿಗೆ. ರೊಟ್ಟಿಯ ಜೊತೆ ದಿನಾ ಎಳ್ಳಿನ ಚಟ್ನಿ. ಬೆಳಿಗ್ಗೆ ಹಗ್ಗದ ಹೊರಸನ್ನು ಅಂಗಳಕ್ಕೆ ಎಳೆದು ಸೊಸೆಯನ್ನು ಹಪ್ಪಳದ ಹಾಗೆ ಒಣಗಲು ಹಾಕುವಳು. ಯಲವಿಗಿಗೆ ಹೋಗಿ ಬರುವ ಚಕ್ಕಡಿಯವರೆಲ್ಲ ನೋಡುತ್ತಾರೆಂದು ಅವ್ವ ಸೆರಗು ಎಳೆದುಕೊಂಡರೆ, “ಬಿಸಲಿಗೇನ ನಾಚಿಕಿ? ಕಾಲ ಚಾಚು,” ಎಂದು ಗದರುವಳು. ಅದು ಯುದ್ಧದ ಕಾಲ, ಬಂಕಾಪುರದಲ್ಲಿ ಗುಳಿಗೆ ಮುಗಿದುಹೋದವು. ಖಾದರಸಾಬ ಎಲೆ ಪೆಂಡಿಯ ಜೊತೆ ಖಾಲಿ ಶೀಶೆಯನ್ನೂ ರೈಲಿನಲ್ಲಿ ಹುಬ್ಬಳ್ಳಿಗೆ ಒಯ್ದು ತುಂಬಿಸಿ ತಂದುಕೊಟ್ಟ. ಆ ಉಪಕಾರಕ್ಕೆ ಅಜ್ಜಿ ಅವನ ಹೆಬ್ಬೆರಳಿನ ಬಗ್ಗೆ ಮಾತಾಡುವುದನ್ನು ಒಂದು ತಿಂಗಳು ಬಿಟ್ಟಿದ್ದಳು.

ಎರಡು ತಿಂಗಳಿಗೆ ನೋವು ಇಳಿಯಿತು. ಮೂರನೆಯ ತಿಂಗಳಲ್ಲಿ ಅವ್ವ ಗೋಡೆ ಹಿಡಿಯದೆ ನಿಂತಳು. ಹೆರಿಗೆ ಮಾತ್ರ ಸುಲಭವಾಗಲಿಲ್ಲ. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು. ಯಂಕವ್ವನೂ ಬಂದಿದ್ದಳು, ಹಯಾತಸಾಹೇಬರೂ ಬಂಕಾಪುರದಿಂದ ಬಂದು ಅಂಗಳದಲ್ಲಿ ಕೂತಿದ್ದರು. ಕೊನೆಗೆ ನಾನು ಹುಟ್ಟಿದೆ, ಅವ್ವ ಉಳಿದಳು. ಡಾಕ್ಟರು ಏನನ್ನೂ ತೆಗೆದುಕೊಳ್ಳದೆ ಹೋದರು. ಅಂದಿನಿಂದ ಪ್ರತಿ ದೀಪಾವಳಿಗೆ ಅವರು ಬೇಡವೆಂದರೂ ಅಜ್ಜಿ ಹೋಗಿ ದವಾಖಾನೆಗೆ ಸುಣ್ಣ ಬಳಿದು ಬರುತ್ತಿದ್ದಳು.

ನನಗೆ ಎರಡು ತಿಂಗಳಾಗಿತ್ತು. ಅವ್ವ ನನ್ನನ್ನು ಎತ್ತಿಕೊಂಡು ಒಲೆಯಿಂದ ಹಿತ್ತಲಿಗೆ ಹೋಗಿ ಬಂದಳು. ಅಜ್ಜಿ ನೆಲ ನೋಡಿದಳು. ಹಿಮ್ಮಡಿ ಬೇರೆ, ಬೆರಳು ಬೇರೆ, ಒಂದೊಂದು ಹೆಜ್ಜೆಯೂ ಬಿಡಿಬಿಡಿಯಾಗಿ ಮೂಡಿತ್ತು. ಅವ್ವ ಕಸಬರಿಗೆ ತೆಗೆದುಕೊಂಡಾಗ ಅಜ್ಜಿ ಅದನ್ನು ಕಿತ್ತುಕೊಂಡಳು. “ಇವತ್ತ ಕಸಾ ಹೊಡಿಬ್ಯಾಡ. ಹಂಗ ಇರ್ಲಿ,” ಎಂದಳು.

ಊರು ಸುಮ್ಮನಿರುತ್ತದೆಯೇ? ದುರಗವ್ವನ ಸುಣ್ಣ ಕುಡಿದು ಸೊಸೆ ಎದ್ದು ನಡೆದಳು ಎಂದು ಪೇಟೆಯೆಲ್ಲ ಸುದ್ದಿ. ಶಿಗ್ಗಾವಿಯಿಂದ, ತಡಸದಿಂದ ಮಂಡಿ ನೋವಿನವರು, ಸೊಂಟ ನೋವಿನವರು ಡಬ್ಬಿ ಹಿಡಿದು ಬಂದರು. ಅಜ್ಜಿ ಒಬ್ಬರಿಗೂ ಕೊಡಲಿಲ್ಲ. “ನನ್ನ ಸುಣ್ಣ ಎಲಿಗೆ, ಗ್ವಾಡಿಗೆ. ಎಲುಬಿಗೆ ಬೇಕಂದ್ರ ಬಂಕಾಪುರಕ್ಕ ಹೋಗ್ರಿ. ನನ್ನ ಸೊಸಿ ಎದ್ದದ್ದು ಡಾಕ್ಟರನ ಸುಣ್ಣಕ್ಕ,” ಎನ್ನುವಳು.

“ಬಂದ ಗಿರಾಕಿನ ಹೊಳ್ಳಿ ಕಳಸ್ತಿಯಲ್ಲ ದುರಗವ್ವಾ,” ಎಂದು ಖಾದರಸಾಬ ಮರುಗಿದ.

“ಅವರ ಬಾಯಿ ನೋಡಿದ್ರ ನನಗ ಸಾವಂತ್ರಿ ನಾಲಿಗಿ ಕಾಣತೈತೋ,” ಎಂದಳು ಅಜ್ಜಿ.

೧೯೪೯. ನನಗಾಗ ಏಳು ವರ್ಷ. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಅವ್ವ ನಡುಮನೆಯಲ್ಲಿ ನಿಂತುಬಿಟ್ಟಳು. ನಾನೂ ಹೋಗಿ ನೋಡಿದೆ. ಅಜ್ಜಿ ಮಲಗುವ ಮೂಲೆಯಿಂದ ಭಟ್ಟಿಯ ಬಾಗಿಲವರೆಗೆ ಧೂಳಿನಲ್ಲಿ ಎರಡು ಗೆರೆ ಎಳೆದಿತ್ತು. ಅವ್ವ ಕಸಬರಿಗೆ ಇಟ್ಟು, ಸೀರೆ ಬದಲಿಸಿ, ಬಂಕಾಪುರಕ್ಕೆ ಹೊರಟಳು. ಮಧ್ಯಾಹ್ನ ತಿರುಗಿ ಬಂದವಳು ಮನೆಯೊಳಗೆ ಬರದೆ ಮೊದಲು ಭಟ್ಟಿಯ ಕಡೆ ಹೋದಳು, ಬಹಳ ಹೊತ್ತು ಅಲ್ಲಿಂದ ಬರಲೇ ಇಲ್ಲ.

ಸಂಜೆ ಅಜ್ಜಿಯ ಊಟವಾದ ಮೇಲೆ ಅವ್ವ ಹಾಲಿನ ಬಟ್ಟಲು, ಪುಡಿ ಮಾಡಿದ ಗುಳಿಗೆ ತಂದು ಮುಂದೆ ಕೂತಳು.

“ನನಗ್ಯಾಕಿದು? ನಾ ಏನ ಬಸರೇನು?” ಎಂದು ಅಜ್ಜಿ ಮುಖ ತಿರುಗಿಸಿದಳು.

“ನೆಲ ನೋಡೀನ್ರಿ ಅತ್ತಿ.”

ಅಜ್ಜಿ ಹಳೆಯ ಗತ್ತಿನಲ್ಲೇ ಸೆರಗಿನ ಗಂಟಿಗೆ ಕೈ ಹಾಕಿದಳು. “ಹಂಗ ಸುಮ್ನ ತಿನ್ನಾಕಿ ಅಲ್ಲ ನಾನು. ನೀರ ತಾ. ಅರಿಶಿಣ ಹಚ್ಚಿ ನೋಡ್ಬೇಕು.”

ಅವ್ವ ಬಲಗೈ ಮುಷ್ಟಿ ಬಿಚ್ಚಿ ಅಜ್ಜಿಯ ಕಣ್ಣ ಮುಂದೆ ಹಿಡಿದಳು. ಅಂಗೈ ನಡುವೆ ಕೆಂಪು ಒಣಗಿತ್ತು.

“ಸುಟ್ಟು ನೋಡೇ ತಂದೀನಿ,” ಎಂದಳು.

ಅಜ್ಜಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಲಿಲ್ಲ. ಹಿಡಿದುಕೊಂಡೇ ಬಾಯಿ ತೆರೆದಳು.